ಮುನ್ಸೀಫರ ಹಸು

ತುಂಬಿದ ಸಿಲಿಂಡರನ್ನು ಇಬ್ಬರೂ ಬಿಡದೆ ಹಿಡಿದುಕೊಂಡೇ ಮೂರು ಮಹಡಿ ಹತ್ತಿ ಬಂದಿದ್ದರು. ಒಂದು ಹಿಡಿ ಪುರಂದರನ ಕೈಯಲ್ಲಿ, ಇನ್ನೊಂದು ಪುತ್ತಬ್ಬನ ಕೈಯಲ್ಲಿ. ನಾಗರತ್ನಮ್ಮ ಬಾಗಿಲು ತೆರೆದಾಗ ಇಬ್ಬರೂ ಏದುಸಿರು ಬಿಡುತ್ತಿದ್ದರು.

"ಸರ್ ಇದ್ದಾರಾ ಅಕ್ಕ? ಒಂದು ನ್ಯಾಯ ಆಗ್ಬೇಕು" ಎಂದ ಪುರಂದರ.

ಸರ್ ಇಲ್ಲದೆ ಎಲ್ಲಿಗೆ ಹೋಗುತ್ತಾರೆ? ಇರಾಕಿನ ಸೈನ್ಯ ಕುವೈತಿಗೆ ನುಗ್ಗಿ ತಿಂಗಳಾಗಿತ್ತು, ನಾಗರತ್ನಮ್ಮನ ಗಂಡ ಶ್ಯಾಮಸುಂದರರು ಕೆಲಸಕ್ಕಿದ್ದ ಬ್ಯಾಂಕಿಗೆ ಬೀಗ ಬಿದ್ದಿತ್ತು. ಅವರು ಕಟ್ಟಡಕ್ಕೆಲ್ಲ ನ್ಯಾಯಾಧೀಶರಾದದ್ದು ಮುತ್ತಜ್ಜನ ದೆಸೆಯಿಂದ. ನೂರು ವರ್ಷದ ಹಿಂದೆ ಮೈಸೂರು ಸೀಮೆಯಲ್ಲಿ ಮುನ್ಸೀಫರಾಗಿ, ಆಮೇಲೆ ಪ್ರಜಾಪ್ರತಿನಿಧಿ ಸಭೆಗೂ ಹೋಗಿಬಂದ ನರಸಿಂಗರಾಯರ ಚರಿತ್ರೆಯನ್ನು ಅವರು ಯಾರಿಗೂ ಹೇಳದೆ ಬಿಟ್ಟವರಲ್ಲ. ಮೊದಲೆಲ್ಲ ಅವರನ್ನು ಲಿಫ್ಟಿನಲ್ಲಿ ಕಂಡ ಜನ ಮೆಟ್ಟಿಲ ದಾರಿ ಹಿಡಿಯುತ್ತಿದ್ದರು. ಈಗ ಲಿಫ್ಟೂ ನಿಂತು, ಓಡಿಹೋಗಲು ಜಾಗವಿಲ್ಲದೆ ಕೂತು ಕೇಳಿದ್ದರು.

ಹಜಾರದಲ್ಲಿ ರಾಯರ ಫೋಟೋ ತೂಗುತ್ತಿತ್ತು. ಜರಿಪೇಟ, ಮುಚ್ಚುಗೊರಳಿನ ಕೋಟು, ಪೊದೆಮೀಸೆ. ಮನೆಯಂಗಳದಲ್ಲಿ ತೆಗೆದ ಆ ಫೋಟೋದ ಬಲತುದಿಯಲ್ಲಿ ಒಂದು ಹಸುವಿನ ಬಾಲವೂ ಬಂದುಬಿಟ್ಟಿತ್ತು. ಮುನ್ಸೀಫರ ಘನತೆಗೆ ಕುಂದೆಂದು ಶ್ಯಾಮಸುಂದರರು ಗಂಧದ ಹಾರವನ್ನು ಅತ್ತ ಸರಿಸಿ ಬಾಲವನ್ನು ಮರೆಮಾಡಿದ್ದರು.

ವ್ಯಾಜ್ಯ ಇಷ್ಟೇ. ಖಾಲಿ ಸಿಲಿಂಡರು ಕೆಳಗೆ ದಿನಸಿ ಅಂಗಡಿ ಇಟ್ಟಿದ್ದ ಪುತ್ತಬ್ಬನದು. ಅದನ್ನು ಹೊತ್ತೊಯ್ದು, ಶುವೈಖಿನ ಗ್ಯಾಸ್ ಡಿಪೋದ ಮುಂದೆ ಬಿಸಿಲಲ್ಲಿ ದಿನವಿಡೀ ಕ್ಯೂ ನಿಂತು ತುಂಬಿದ್ದನ್ನು ತಂದವನು ಎರಡನೇ ಮಹಡಿಯ ಪುರಂದರ. ಇಬ್ಬರ ಮನೆಯಲ್ಲೂ ಗ್ಯಾಸು ಮುಗಿದಿತ್ತು. ಖಾಲಿ ಕೊಡದಿದ್ದರೆ ತುಂಬಿದ್ದು ಸಿಗುತ್ತಿತ್ತೇ ಎಂದು ಒಬ್ಬ, ಖಾಲಿ ತಾನಾಗಿ ನಡೆದುಹೋಗಿ ಕ್ಯೂ ನಿಲ್ಲುತ್ತಿತ್ತೇ ಎಂದು ಇನ್ನೊಬ್ಬ.

"ಇನ್ನು ಇವನ ಪಿಕಪ್ಪಿಗೆ ನನ್ನ ಹೆಂಡತಿ ಕಾಲಿಡುದಿಲ್ಲ" ಎಂದುಬಿಟ್ಟ ಪುರಂದರ.

ನಾಗರತ್ನಮ್ಮ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದರು. ಅವನ ಹೆಂಡತಿ ತೃಪ್ತಿಗೆ ದಿನ ತುಂಬುತ್ತಿತ್ತು. ಕಟ್ಟಡದಲ್ಲಿ ಪೆಟ್ರೋಲಿದ್ದ ಗಾಡಿ ಪುತ್ತಬ್ಬನದೊಂದೇ. ಅದಿಲ್ಲದಿದ್ದರೆ ಹುಡುಗಿ ಆಸ್ಪತ್ರೆ ಸೇರುವುದು ಹೇಗೆ?

ಆ ಸೆಕೆಯಲ್ಲೂ ಕೋಟು ತೊಟ್ಟು ಫೋಟೋದ ಕೆಳಗೆ ಕೂತ ಶ್ಯಾಮಸುಂದರರು ಎರಡೂ ಕಡೆಯ ವಾದ ಕೇಳಿದರು. ಬದನೆಕಾಯಿ ತರಲೋ ಹುರುಳಿಕಾಯಿ ತರಲೋ ಎಂದು ತೋಚದೆ ಬರಿಚೀಲ ಹಿಡಿದು ಮರಳುವ ಮನುಷ್ಯ.

"ವಾಯಿದೆ ಹಾಕೋಣ" ಎಂದರು ಕೊನೆಗೆ. "ಅಲ್ಲೀವರೆಗೂ ವಿವಾದದ ವಸ್ತು ಕೋರ್ಟಿನ ವಶದಲ್ಲಿರಲಿ."

ಕೋರ್ಟಿನ ವಶ ಎಂದರೆ ನಾಗರತ್ನಮ್ಮನ ಅಡುಗೆಮನೆ.

"ಇಟ್ಕೊಂಡು ನಾನೇನು ಮಾಡ್ಲಿ? ಆರತಿ ಎತ್ಲಾ?" ಎಂದು ಆಕೆ ಒಳಗೆ ಬಂದ ಗಂಡನನ್ನು ಕೇಳಿದರು.

"ಮುತ್ತಜ್ಜನ ಕಾಲದಲ್ಲಿ ಹಸು ಇರ್ಲಿಲ್ವೇ ನಾಗು?"

ಇತ್ತು. ಅಣ್ಣತಮ್ಮಂದಿರು ಒಂದು ಕೆಂದ ಹಸುವಿಗೆ ಕಚ್ಚಾಡಿ ಕೋರ್ಟಿಗೆ ಬಂದಿದ್ದರು. ರಾಯರು ವಾಯಿದೆಯ ಮೇಲೆ ವಾಯಿದೆ ಹಾಕಿದರು, ಹಸು ಅವರ ಕೊಟ್ಟಿಗೆಯಲ್ಲೇ ಇತ್ತು, ಕೊನೆಗೆ ಅಣ್ಣತಮ್ಮಂದಿರು ತಾವಾಗಿಯೇ ರಾಜಿಯಾದರು. ಎಂಥ ನ್ಯಾಯದೃಷ್ಟಿ ಎನ್ನುವಲ್ಲಿಗೆ ಶ್ಯಾಮಸುಂದರರ ಕಥೆ ಮುಗಿಯುತ್ತಿತ್ತು. ಉಳಿದದ್ದನ್ನು ನಾಗರತ್ನಮ್ಮನಿಗೆ ಹೇಳಿದವರು ಅತ್ತೆ. ರಾಯರ ಹೆಂಡತಿ ದಿನಾ ಆ ಹಾಲನ್ನು ಎರಡು ಚೊಂಬಿಗೆ ಸಮನಾಗಿ ಸುರಿದು ಎರಡೂ ಮನೆಗೆ ಕಳಿಸುತ್ತಿದ್ದಳಂತೆ, ಅಣ್ಣನ ಚೊಂಬು ತಮ್ಮನ ಮಗಳ ಕೈಯಲ್ಲಿ, ತಮ್ಮನದು ಅಣ್ಣನ ಮಗಳ ಕೈಯಲ್ಲಿ.

ನಾಗರತ್ನಮ್ಮ ಸಿಲಿಂಡರಿಗೆ ರೆಗ್ಯುಲೇಟರು ಸಿಕ್ಕಿಸಿದರು. ಮರುದಿನ ತೃಪ್ತಿಗೆ ಅನ್ನ, ಮೆಣಸಿನ ಸಾರು. ಹೊಟ್ಟೆಹುಣ್ಣಿನ ಪುತ್ತಬ್ಬನಿಗೆ ಗಂಜಿ. ಕ್ಯಾರಿಯರು ಒಯ್ಯಲು ಬಂದ ಪುರಂದರನಿಗೆ ಎರಡನ್ನೂ ಕೊಟ್ಟರು. "ನಂಗೆ ಮಂಡಿನೋವಪ್ಪ. ಇದನ್ನ ಅಂಗಡಿ ಬಾಗಿಲಲ್ಲಿ ಇಟ್ಬಿಡು. ಮಾತಾಡ್ಬೇಡ."

ಅವನು ಇಟ್ಟ, ಮಾತಾಡಲಿಲ್ಲ. ಸಂಜೆ ಖಾಲಿ ಡಬ್ಬಿ ತಂದ ಪುತ್ತಬ್ಬ ಒಂದು ಪೊಟ್ಟಣ ಖರ್ಜೂರ ಚಾಚಿ, ಇದು ಕೋರ್ಟಿಗೆ ಎಂದ. ಕೋರ್ಟಿಗೆ ಸಕ್ಕರೆ ಕಾಯಿಲೆ, ಹೋಗುವ ದಾರಿಯಲ್ಲಿ ತೃಪ್ತಿಗೆ ಕೊಡು ಎಂದರು ನಾಗರತ್ನಮ್ಮ. ಅವನೂ ಬಾಗಿಲಲ್ಲಿ ಇಟ್ಟು ಹೋದ. ಒಂದು ದಿನ ಗಂಜಿಗೆ ಉಪ್ಪು ಕಡಿಮೆಯಾಯಿತೆಂದು ಪುತ್ತಬ್ಬ ಗೊಣಗಿದನಂತೆ, ಉಪ್ಪು ಮಾರುವವನಿಗೆ ಉಪ್ಪು ಬೇರೆ ಕೇಡು ಎಂದು ಪುರಂದರ ಅಂದನಂತೆ. ಇಬ್ಬರೂ ಮಾತಾಡಿದ ಸುದ್ದಿ ಕೇಳಿ ನಾಗರತ್ನಮ್ಮ ಮರುದಿನವೂ ಉಪ್ಪು ಕಡಿಮೆ ಹಾಕಿದರು.

ವಾಯಿದೆಗಳು ಸಾಗಿದವು. ಒಂದು ಬೆಳಿಗ್ಗೆ ಒಲೆಯ ಉರಿ ಸಣ್ಣಗೆ ತೊದಲಿ ಆರಿಹೋಯಿತು.

ಅದೇ ಮಧ್ಯಾಹ್ನ ಶ್ಯಾಮಸುಂದರರು ತೀರ್ಪು ಹೇಳಲು ಕೋಟು ತೊಟ್ಟರು. ಪುರಂದರ ಆಗಲೇ ಬಂದು ಕೂತಿದ್ದ. ಪುತ್ತಬ್ಬ ಇನ್ನೂ ಬಂದಿರಲಿಲ್ಲ. ಶ್ಯಾಮಸುಂದರರು ಗಂಟಲು ಸರಿಮಾಡಿಕೊಂಡರು. "ವಿವಾದದ ವಸ್ತು ಇದೆಯಲ್ಲ, ಅದು ಈಗ..." ಎಂದು ಹೆಂಡತಿಯ ಮುಖ ನೋಡಿದರು.

ಅಷ್ಟರಲ್ಲಿ ಬಾಗಿಲಲ್ಲಿ ಪುತ್ತಬ್ಬ ಬಂದು ನಿಂತಿದ್ದ, ಕೈಯಲ್ಲಿ ಗಾಡಿಯ ಕೀಲಿ.

"ಅದೆಲ್ಲ ಮತ್ತೆ ಸರ್. ನಾನು ಮೇಲೆ ಬರುವಾಗ ತೃಪ್ತಿಯಕ್ಕ ಬಾಗಿಲಿಗೆ ಬಂದು ಕರೆದ್ರು, ನೋವು ಶುರುವಾಗಿದೆಯಂತೆ. ಗಾಡಿ ಮೆಟ್ಟಿಲ ಬುಡಕ್ಕೇ ತಂದಿದ್ದೇನೆ. ಯಲ್ಲಾ ಯಲ್ಲಾ, ಬೇಗ ಏಳು ಮಾರಾಯ."

ಪುರಂದರ ಚಪ್ಪಲಿಯನ್ನೂ ಮೆಟ್ಟದೆ ಓಡಿದ. ಪುತ್ತಬ್ಬ ಹಿಂದೆಯೇ ಹೊರಟವನು ತಿರುಗಿ ಬಂದು, ಇವತ್ತು ಗಂಜಿ ಬರದಾಗಲೇ ಗೊತ್ತಾಯ್ತು, ಆ ಖಾಲಿಯನ್ನೂ ಕೊಡಿ ಅಕ್ಕ, ಆಸ್ಪತ್ರೆಯಲ್ಲಿ ಇಬ್ಬರೂ ಕಾಯುವುದಕ್ಕಿಂತ ಒಬ್ಬರು ಕ್ಯೂನಲ್ಲಿ ಕಾಯಬಹುದು ಎಂದ. ಒಂದು ಕೈಯಲ್ಲಿ ಸಿಲಿಂಡರು, ಇನ್ನೊಂದರಲ್ಲಿ ಪುರಂದರನ ಚಪ್ಪಲಿ.

ನಾಗರತ್ನಮ್ಮ ಕಿಟಕಿಗೆ ಹೋಗಿ, ಪಿಕಪ್ಪು ರಸ್ತೆಯ ತಿರುವು ದಾಟುವವರೆಗೂ ನೋಡಿದರು.

"ರಾಜಿಯಾಯ್ತು" ಎಂದರು ಶ್ಯಾಮಸುಂದರರು, ಹಣೆಯ ಬೆವರು ಒರೆಸಿಕೊಳ್ಳುತ್ತ. "ನೋಡ್ದೆಯಾ ನಾಗು? ಥೇಟ್ ಮುತ್ತಜ್ಜನ ವಿಧಾನ."

"ಹೌದೂಂದ್ರೆ. ಕೋಟು ಬಿಚ್ಚಿ, ನೀರು ಕುಡೀರಿ."

ಅವರು ಕೋಟು ಬಿಚ್ಚಲು ಒಳಗೆ ಹೋದರು. ನಾಗರತ್ನಮ್ಮ ಕುರ್ಚಿ ಹತ್ತಿ, ಫೋಟೋದ ಧೂಳು ಒರೆಸಿ, ಹಾರವನ್ನು ಒಂದಿಷ್ಟು ಎಡಕ್ಕೆ ಸರಿಸಿದರು. ಹಸುವಿನ ಬಾಲ ಕಂಡಿತು. ಅದರಾಚೆ, ಚೌಕಟ್ಟಿನ ಅಂಚಿನಲ್ಲಿ, ಹಸುವನ್ನು ಪಕ್ಕಕ್ಕೆ ತಳ್ಳುತ್ತಿದ್ದ ಒಂದು ಬಳೆಗೈ.