ನೀಲಿ ಹೆಸರುಗಳ ಹಿಂದಿನ ದನಿ

ಕಂಪ್ಯೂಟರಿನ ಸಂಗತಿಯನ್ನು ಕತೆ ಮಾಡಿ ಹೇಳುವಷ್ಟು ಓದಿದವರು ಬೇರೆ ಇದ್ದಾರೆ. ನಾನು ಸಂಜೆ ಕಾಲೇಜಿನಲ್ಲಿ ಕಲಿತಷ್ಟರಲ್ಲೇ ಇದಕ್ಕೆ ಕೈಹಾಕಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ತಪ್ಪಿದ್ದರೆ ತಿಳಿದವರು ತಿದ್ದಿಕೊಳ್ಳಬೇಕು. ಆದರೆ ದಿವ್ಯ ಮಾಡಿದ ಕೆಲಸವನ್ನು ಯಾರೂ ಹೇಳದೆ ಬಿಟ್ಟರೆ ಅದೂ ಸರಿಯಲ್ಲ ಅನ್ನಿಸಿತು.

ದಿವ್ಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿನ, ಅಂದರೆ ಹಾಡಿಯ, ಹುಡುಗಿ. ಹಗಲು ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಹಿಂದಿನ ಪರಮೇಶನ ಡಿಟಿಪಿ ಅಂಗಡಿಯಲ್ಲಿ ಟೈಪಿಂಗ್, ಸಂಜೆ ಕಂಪ್ಯೂಟರ್ ಕ್ಲಾಸಿನಲ್ಲಿ ಕೋಡ್ ಬರೆಯುವ ಕಲಿಕೆ. ಇದಕ್ಕೂ ಮೊದಲು ಒಂದು ಸಂಸ್ಥೆಯವರು ಕೊಟ್ಟ ರೆಕಾರ್ಡರ್ ಹಿಡಿದು ಪೋಡಿನಿಂದ ಪೋಡಿಗೆ ತಿರುಗಿ, ಹಿರಿಯರ ಹಾಡು, ಜೇನಿನ ಮಾತು, ಕಾಡಿನ ಜಾಗಗಳ ಹೆಸರು ಎಲ್ಲವನ್ನೂ ಹಿಡಿದಿಟ್ಟಿದ್ದಳು. ಆಗ ಒಂದು ಪೋಡಿನಲ್ಲಿ ಕೇತಮ್ಮಜ್ಜಿ ಅವಳನ್ನು ಬಾಗಿಲಲ್ಲೇ ತಡೆದಿದ್ದರು.

“ಬಂದೋರೆಲ್ಲ ನಮ್ಮ ಮಾತ ಡಬ್ಬಿಗ್ ತುಂಬ್ಕಂಡು ಓಗ್ಬುಟ್ರು. ಒಬ್ರಾದ್ರೂ ತಿರುಗಿ ತಂದು ಕೇಳ್ಸುದ್ರಾ? ನೀನೂ ಅಂಗೇ ತಾನೆ?”

“ನಾ ತಂದು ಕೇಳುಸ್ತೀನಿ ಕಣಜ್ಜಿ.”

ಆ ಒಂದು ಮಾತಿನ ಮೇಲೆ ಅಜ್ಜಿಯ ಗಂಡ ಬೆಳ್ಳಯ್ಯ ಬಾಯಿ ತೆರೆದಿದ್ದರು. ಮುಂದಿನ ಮಳೆಗಾಲಕ್ಕೆ ಅವರು ತೀರಿಕೊಂಡರು. ಸಂಸ್ಥೆಯೂ ಬಾಗಿಲು ಹಾಕಿತು. ದನಿಗಳೆಲ್ಲ ಇಂಟರ್ನೆಟ್ಟಿನ ಉಗ್ರಾಣದಲ್ಲಿ ಉಳಿದವು. ಒಂದೊಂದು ದನಿಗೂ ಒಂದು ಉದ್ದನೆಯ ವಿಳಾಸ. ಅದು ಗೊತ್ತಿದ್ದವರಿಗೆ ಮಾತ್ರ ತೆರೆಯುತ್ತದೆ. ಆ ವಿಳಾಸಗಳಿದ್ದದ್ದು ದಿವ್ಯ ಟೈಪ್ ಮಾಡಿದ್ದ ವರ್ಡ್ ಫೈಲುಗಳಲ್ಲಿ ಮಾತ್ರ. ಹೇಳಿದವರ ಹೆಸರು ನೀಲಿ ಅಕ್ಷರದಲ್ಲಿ, ಕೆಳಗೊಂದು ಗೆರೆ. ಹೆಸರು ಒತ್ತಿದರೆ ದನಿ.

ಭಾನುವಾರ ಯಳಂದೂರಿನ ಒಂದು ಸಭಾಭವನದಲ್ಲಿ ಹಿರಿಯರನ್ನೆಲ್ಲ ಸೇರಿಸಿ ಕೇಳಿಸುವುದೆಂದು ನಿಶ್ಚಯವಾಗಿತ್ತು. ಹಿಂದಿನ ದಿನ ಬೆಳಿಗ್ಗೆ ಅವಳು ಅಂಗಡಿಗೆ ಬಂದಾಗ ಪರಮೇಶ ಎದೆಯುಬ್ಬಿಸಿ ಕೂತಿದ್ದ.

“ನಿನ್ ಫೈಲೆಲ್ಲ ಹಳೇ ನುಡಿ ಫಾಂಟಲ್ಲಿದ್ದೋ ಕಣವ್ವ. ಬೇರೆ ಕಂಪ್ಯೂಟ್ರಲ್ಲಿ ತಗುದ್ರೆ ಬರೀ ಗೀಚಾಟ. ಎಲ್ಲಾನೂ ಯೂನಿಕೋಡ್ ಮಾಡ್ಬುಟ್ಟೆ. ಇನ್ನು ಎಲ್ಲಿ ಬೇಕಾರೂ ಓದ್ಬೋದು.”

ದಿವ್ಯ ಬೆಳ್ಳಯ್ಯನ ಹೆಸರು ಒತ್ತಿದಳು. ಕರ್ಸರ್ ಹೆಸರಿನ ನಡುವೆ ಹೋಗಿ ನಿಂತು ಕಣ್ಣು ಮಿಟುಕಿಸಿತು, ಅಷ್ಟೆ. ಇನ್ನೊಂದು ಹೆಸರು ಒತ್ತಿದಳು. ಅದೂ ಹಾಗೇ.

“ಸಾ, ಲಿಂಕ್ ಎಲ್ಲೋದೋ?”

“ಇದಾವಲ್ಲ! ಕನ್ವರ್ಟರ್‌ಗೆ ಆಕುದ್ರೆ ನೀಲಿ ಓಗ್ಬುಡ್ತು. ನಾನೇ ಕೂತು ಒಂದೊಂದಕ್ಕೂ ನೀಲಿ ಬಳ್ದು ಗೆರೆ ಎಳ್ದಿವ್ನಿ. ಚೆಂದಾಗ್ ಕಾಣ್ಲಿ ಅಂತ ತಲೆಬರಹಕ್ಕೂ ಆಕಿವ್ನಿ ನೋಡು.”

“ಹಳೇ ಫೈಲು?”

“ಸುಮ್ನೆ ಜಾಗ ತಿಂತವೆ ಅಂತ ಅಳುಸ್ಬುಟ್ಟೆ.”

ದಿವ್ಯ ಕಂಪ್ಯೂಟರಿನ ಕಸದ ಬುಟ್ಟಿ ತೆರೆದು ನೋಡಿದಳು. ಅದೂ ಖಾಲಿ. ಬೈಯೋಣವೆಂದರೆ ಆತ ಪ್ರೀತಿಯಿಂದ ಮಾಡಿದ ಕೆಲಸ. ತಾನು ಇನ್ನೊಂದು ಪ್ರತಿ ಇಟ್ಟುಕೊಳ್ಳಬೇಕಿತ್ತು ಎಂದು ತನ್ನನ್ನೇ ಶಪಿಸಿಕೊಂಡಳು. ಕೇತಮ್ಮಜ್ಜಿ ನಾಳೆ ಬಸ್ಸಿಳಿದು ಬರುತ್ತಾರೆ. ಅವರ ಮುಂದೆ ಏನೆಂದು ನಿಲ್ಲುವುದು? ಯೋಚಿಸುತ್ತಿದ್ದಂತೆ, ತಪ್ಪು ನೋಡಿಕೊಡಲೆಂದು ಆ ಫೈಲುಗಳನ್ನು ಒಮ್ಮೆ, ಈಗ ಕೆಟ್ಟುಹೋದ ಹಳೆಯ ಫೋನಿನಿಂದ, ಹನೂರಿನ ಸೋಮಣ್ಣ ಮಾವನಿಗೆ ಕಳಿಸಿದ್ದು ನೆನಪಾಯಿತು. ಫೋನ್ ಮಾಡಿದಳು.

“ಬಂದಿದ್ದೋ ಕಣವ್ವ,” ಎಂದರು ಸೋಮಣ್ಣ. “ತಗುದ್ರೆ ಬರೀ ಇಂಗ್ಲೀಸ್ ಗೀಚಾಟ. ಯಾರೋ ಕಳ್ಳನನ್ಮಕ್ಳು ದುಡ್ಡೊಡಿಯಕ್ಕೆ ಕಳ್ಸವ್ರೆ ಅಂತ ಮುಟ್ನೇ ಇಲ್ಲ.”

“ಮುಟ್ದೆ ಇದ್ದುದ್ದೇ ಪುಣ್ಯ ಮಾವ! ಅಂಗೇ ವಾಪಸ್ ಕಳ್ಸು, ಒಸಿ ಬೇಗ.”

ಫೈಲುಗಳು ಬಂದವು. ಆದರೆ ನೂರಾರು ಲಿಂಕುಗಳನ್ನು ಒಂದೊಂದಾಗಿ ಎತ್ತಿ ಅಂಟಿಸುತ್ತ ಕೂತರೆ ಮುಗಿಯುವ ಕೆಲಸವಲ್ಲ. ಕೋಡಿನಲ್ಲೇ ಓದಿಸಬೇಕು. ತನ್ನಿಂದಾದೀತೇ? ಕ್ಲಾಸಿನಲ್ಲಿ ಮಾಡಿದ್ದೆಲ್ಲ ಸಣ್ಣಪುಟ್ಟ ಲೆಕ್ಕಗಳು.

ವರ್ಡ್ ಫೈಲೆಂದರೆ ಒಂದು ಗಂಟು ಎಂದು ಅಲ್ಲಿ ಹೇಳಿದ್ದು ಮಾತ್ರ ಚೆನ್ನಾಗಿ ನೆನಪಿತ್ತು. ಗಂಟು ಬಿಚ್ಚಿದರೆ ಒಳಗೆ ಪುಟ್ಟಪುಟ್ಟ ಫೈಲುಗಳು. ಒಂದರಲ್ಲಿ ಬರಹ ಇರುತ್ತದೆ; ಅದರಲ್ಲಿ ಲಿಂಕ್ ಇರುವ ಕಡೆ ಒಂದು ಗುರುತಿನ ನಂಬರ್ ಮಾತ್ರ. ಯಾವ ನಂಬರಿಗೆ ಯಾವ ವಿಳಾಸ ಎನ್ನುವುದು ಇನ್ನೊಂದರಲ್ಲಿ. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟು ಟೋಕನ್ ಹಿಡಿದು ಒಳಗೆ ಹೋದ ಹಾಗೆ. ಪರಮೇಶ ಬರಹವನ್ನಷ್ಟೇ ಬಾಚಿಕೊಂಡು ಬಂದಿದ್ದ. ಟೋಕನ್ನುಗಳು ದಾರಿಯಲ್ಲಿ ಉದುರಿದ್ದವು.

ಹಳೆಯ ಗಂಟುಗಳನ್ನು ಬಿಚ್ಚಿ, ನಂಬರ್ ನೋಡಿ, ವಿಳಾಸ ತಂದು, ಹೊಸ ಫೈಲಿನ ನೀಲಿ ಅಕ್ಷರಗಳಿಗೆ ಸಾಲಾಗಿ ಕಟ್ಟು ಎಂದು ಕೋಡ್ ಬರೆದಳು. ಓಡಿಸಿ, ಬೆಳ್ಳಯ್ಯನ ಹೆಸರು ಒತ್ತಿದಳು. ಯಾರೋ ಹೆಂಗಸು ಮೇಕೆಯೊಂದನ್ನು ವಾಚಾಮಗೋಚರ ಬೈಯತೊಡಗಿದಳು.

“ಬೆಳ್ಳಯ್ಯ ಇಂಗ್ ಮಾತಾಡ್ತಿದ್ನಾ?” ಎಂದ ಪರಮೇಶ.

“ಅದು ಮಹದೇವಮ್ಮ ಸಾ. ಹಾಡು ಹೇಳ್ತಿದ್ದಾಗ ಮೇಕೆ ನುಗ್ತು.”

ತನ್ನ ಕೋಡೇ ತಪ್ಪೆಂದು ಅವಳಿಗೆ ಅಳು ಬಂತು. ಸಾಲು ಸಾಲಾಗಿ ಮತ್ತೆ ಓದಿದಳು, ತಪ್ಪು ಸಿಗಲಿಲ್ಲ. ಆಮೇಲೆ ಪುಟದ ನೆತ್ತಿ ನೋಡಿದಳು. ಅಲ್ಲಿ ಪರಮೇಶ ಚೆಂದಕ್ಕೆ ಬಳಿದ ನೀಲಿ ತಲೆಬರಹ! ಬೆಳ್ಳಯ್ಯನ ವಿಳಾಸ ಅದರ ಪಾಲಾಗಿ, ಉಳಿದವರೆಲ್ಲ ಒಂದೊಂದು ಮನೆ ಸರಿದಿದ್ದರು. ಸಾಲು ನಂಬಿದರೆ ಆಗದು. ಹಳೆಯ ಅಕ್ಷರದ ಹೆಸರನ್ನು ಹೊಸ ಅಕ್ಷರಕ್ಕೆ ತಿರುಗಿಸಿ, ಹೆಸರಿಗೆ ಹೆಸರು ಹೊಂದಿದರೆ ಮಾತ್ರ ಕಟ್ಟು ಎಂದು ಕೋಡನ್ನು ತಿದ್ದಿದಳು. ಮತ್ತೆ ಬೆಳ್ಳಯ್ಯನ ಹೆಸರು ಒತ್ತಿದಳು.

ಒಂದು ಕೆಮ್ಮು. ಆಮೇಲೆ ಬೆಳ್ಳಯ್ಯನ ದನಿ.

“ಬಂದ ಕಣವ್ವ! ಬೆಳ್ಳಯ್ಯ ಬಂದ!” ಪರಮೇಶ ಕುರ್ಚಿ ಬೀಳುವಂತೆ ಎದ್ದು ಪಕ್ಕದಂಗಡಿಯವರಿಗೆಲ್ಲ ಕಾಫಿ ಹೇಳಿದ.

ಭಾನುವಾರ ಅಂಗಡಿ ಮುಚ್ಚಿ, ಸ್ಪೀಕರ್ ಹೊತ್ತುಕೊಂಡು ಯಳಂದೂರಿಗೆ ಬಂದವನೂ ಅವನೇ. ಬೆಟ್ಟದ ಬಸ್ಸಿನಲ್ಲಿ ಬಂದ ಹಿರಿಯರು ಮುಂದೆ ಕೂತರು. ಕೇತಮ್ಮಜ್ಜಿ ಸೆರಗನ್ನು ಬಿಗಿಯಾಗಿ ಹೊದ್ದು, ನಂಬದವರ ಮುಖ ಮಾಡಿಕೊಂಡಿದ್ದರು. ದಿವ್ಯ ಹೆಸರು ಒತ್ತಿದಳು.

“ಎಜ್ಜೇನು ಕಟ್ಟೋ ಬಂಡೆ ಬ್ಯಾರೆ, ತುಡುವೆಜೇನು ಕಟ್ಟೋ ಮರ ಬ್ಯಾರೆ...” ದನಿ ಸಭಾಭವನದ ತುಂಬ ಹರಡಿತು. ನಡುವೆ ತಟ್ಟನೆ ಗದರಿತು: “ಏ ಕೇತೀ, ಮಧ್ಯ ಬಾಯಾಕ್ಬ್ಯಾಡ, ರೆಕಾಡಾಯ್ತಾ ಅದೆ!”

“ಸತ್ಮೇಲೂ ನನ್ನೇ ಗದರುಸ್ತಾನಲ್ಲ ಇವ್ನು!” ಎಂದು ಅಜ್ಜಿ ಕೂಗಿಬಿಟ್ಟರು. ಸಭೆಯೆಲ್ಲ ನಗೆ. ಅಜ್ಜಿ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು. “ಇನ್ನೊಂದ್ ಕಿತ ಒತ್ತು ಮಗ. ಇರು, ಆ ಇಲಿ ಕೊಡಿಲ್ಲಿ, ನಾನೇ ಒತ್ತುತೀನಿ.”

ಆಮೇಲೆ ಎಲ್ಲರಿಗೂ ತಮ್ಮ ತಮ್ಮ ಹೆಸರೇ ಬೇಕು. ಮಹದೇವಮ್ಮನ ಮೇಕೆಗೆ ಚಪ್ಪಾಳೆಯೂ ಬಿತ್ತು. ಚಿಕ್ಕನಿಂಗಮ್ಮನ ಸರದಿಯಲ್ಲಿ ಮಾತ್ರ, ಇಲ್ಲಿ ಏನೂ ಇಲ್ಲ ಎಂಬ ಬರಹ ತೆರೆಯಿತು. ದಿವ್ಯ ಮತ್ತೆ ಮತ್ತೆ ಒತ್ತಿದಳು. ವಿಳಾಸ ಸರಿಯಾಗಿಯೇ ಇತ್ತು. ಅಲ್ಲಿ ದನಿಯೇ ಇರಲಿಲ್ಲ.

“ತಪ್ಪಾಯ್ತು ಅಜ್ಜಿ,” ಎಂದು ತಲೆ ತಗ್ಗಿಸಿದಳು.

“ಓದ್ರೆ ಓಯ್ತು ಬುಡು. ನಾನೇನ್ ಸತ್ತೋಗಿದ್ದೀನಾ?” ಚಿಕ್ಕನಿಂಗಮ್ಮ ಎದ್ದು ನಿಂತರು. “ತಗಿ ನಿನ್ ಡಬ್ಬಿಯ. ಈಗ್ಲೇ ಹೇಳ್ತೀನಿ.”

“ಮೊದ್ಲು ನಂದು,” ಎಂದರು ಕೇತಮ್ಮಜ್ಜಿ. “ಅವತ್ತು ಅವ್ನು ಬಾಯ್ ಬುಡುಕ್ಕೇ ಬುಡ್ನಿಲ್ಲ. ಈ ಕೂಸು ತಂದ್ಕೊಡ್ತದೆ, ನಂಬ್ಕಂಡು ಹೇಳ್ಬೋದು.”

ಅಂದು ಬೆಟ್ಟದ ಕೊನೆಯ ಬಸ್ಸು ಹೊರಡುವವರೆಗೂ ಹಿರಿಯರು ಹೇಳುತ್ತಲೇ ಇದ್ದರು.

ದನಿಗಳನ್ನೆಲ್ಲ ದಿವ್ಯ ಈಗ ಇಳಿಸಿಕೊಂಡು ಬೇರೆ ಬೇರೆ ಕಡೆ ಇಟ್ಟಿದ್ದಾಳೆ. ಚಿಕ್ಕನಿಂಗಮ್ಮನ ಆ ಹಳೆಯ ಹಾಡು ಹೇಗೆ ಹೋಯಿತು, ಯಾರಾದರೂ ಅಳಿಸಿದರೋ, ಮೊದಲೇ ಅಲ್ಲಿಗೆ ಸೇರಿರಲಿಲ್ಲವೋ ಗೊತ್ತಿಲ್ಲ. ಅಂದು ಹೊಸದಾಗಿ ಹೇಳಿದ್ದು ಅದೇ ಹಾಡೋ, ಬೇರೆಯದೋ ಎಂಬುದು ಚಿಕ್ಕನಿಂಗಮ್ಮನಿಗೂ ನೆನಪಿಲ್ಲ.