ಒಂದೇ ಕೈಗೆ ಮೂರು ಕಥೆ

"ಕೈ ಎತ್ತೇ, ಮೂದೇವಿ. ಹಿಂದೆ ಕೂತೋರಿಗೂ ಕಾಣಲಿ."

ತರಬೇತಿ ಸಾಹೇಬ ಗದರಿದಾಗ ಅವಳು ಬಲಗೈ ಎತ್ತಿದಳು. ಹೆಬ್ಬೆರಳಿತ್ತು, ಉಂಗುರಬೆರಳು, ಕಿರುಬೆರಳು ಇದ್ದವು. ನಡುವಿನ ಎರಡು ಜಾಗ ಖಾಲಿ. ಕೈಗವಸು ತಯಾರಿಸುವ ಆ ಕಾರ್ಖಾನೆಯಲ್ಲಿ ಎಲ್ಲರಿಗೂ ಅವಳು ಮೂರ್ಬೆರಳಕ್ಕ. ಇಲ್ಲಿನ ಮಾಲು ಇನ್ನು ತನ್ನ ಕೈಗೇ ಹೊಂದುವುದಿಲ್ಲವೆಂದು ಮೊದಲು ನಕ್ಕವಳೂ ಅವಳೇ.

ಚರ್ಮ ಕತ್ತರಿಸುವ ಯಂತ್ರ ಬೆರಳು ತಿಂದು ಎಂಟು ತಿಂಗಳಾಗಿತ್ತು. ಬ್ಲೇಡಿನ ಮುಂದೆ ಜಾಲರಿಯೊಂದಿದ್ದುದು ನಿಜ. ಕೆಲಸ ನಿಧಾನವಾಗುತ್ತದೆಂದು ಮೇಸ್ತ್ರಿ ಬಿಚ್ಚಿಸಿದ್ದ. ಈಗ ಅವಳ ಕೈಗೆ ಪೊರಕೆ ಬಂದಿತ್ತು, ಯಂತ್ರದ ಮುಂದೆ ಅವಳ ತಂಗಿ ಕೂತಿದ್ದಳು.

'ನೀನು ನಮ್ಮ ಕೇಸ್ ಸ್ಟಡಿ' ಎಂದು ಸಾಹೇಬ ಹೇಳಿಕಳಿಸಿದಾಗ, ಕೊನೆಗೂ ತನ್ನ ಪರವಾಗಿ ಯಾರೋ ಕೇಸು ಹಾಕಿದರೆಂದು ಹಿಗ್ಗಿ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದಿದ್ದಳು. ನೋಡಿದರೆ ಎದುರಿಗೆ ಹೊಸದಾಗಿ ಸೇರಿದ ಹುಡುಗಿಯರು, ಪರದೆಯ ಮೇಲೆ ಬಾಗಿಲಷ್ಟು ದೊಡ್ಡದಾಗಿ ಅವಳ ಕೈ. ಪಕ್ಕದವಳ ಜೊತೆ ಹರಟುತ್ತಾ ಕೂತರೆ ಇದೇ ಗತಿ ಎಂದ ಸಾಹೇಬ. ತಾನು ಸೀನಿದ್ದು ತನಗೇ ಕೇಳದ ಆ ಗದ್ದಲದಲ್ಲಿ ಹರಟುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

ಮುಂದಿನ ತಿಂಗಳು ಮಾಲು ಕೊಳ್ಳುವವರು ಬಂದರು. ಈ ಸಲ ಪರದೆಯಲ್ಲಿ ಮೆಲುವಾದ ಸಂಗೀತ, ಪೊರಕೆ ಹಿಡಿದು ನಗುತ್ತಿರುವ ಅವಳು. ಕಂಪನಿ ಅವಳನ್ನು ಮಗಳಂತೆ ಸಾಕಿ 'ಸ್ವಚ್ಛತಾ ಮೇಲ್ವಿಚಾರಕಿ' ಮಾಡಿದೆಯಂತೆ. ಒಬ್ಬಾಕೆ ಕಣ್ಣೊರೆಸಿಕೊಂಡು ಕೈಕುಲುಕಲು ಬಂದವಳು ಎಲ್ಲಿ ಹಿಡಿಯುವುದೆಂದು ತೋಚದೆ ಭುಜ ತಟ್ಟಿ ಹೋದಳು. ಮೂರ್ಬೆರಳಕ್ಕ ಆಮೇಲೆ ಗುಮಾಸ್ತನನ್ನು ಹುಡುಕಿಕೊಂಡು ಹೋಗಿ, ಬಡ್ತಿ ತನಗೊಬ್ಬಳಿಗೋ ಪೊರಕೆಗೂ ಸಿಕ್ಕಿದೆಯೋ ಎಂದು ವಿಚಾರಿಸಿದಳು.

ಮೂರನೆಯ ಸಲ ಬರುವವರು ಸರ್ಕಾರದ ತಪಾಸಣೆಯವರು. ಬೆರಳು ಹೋದದ್ದು ಮನೆಯ ಮಿಕ್ಸಿಯಲ್ಲಿ ಎನ್ನಬೇಕೆಂದು ಸಾಹೇಬ ಹಿಂದಿನ ದಿನವೇ ಪಾಠ ಹೇಳಿಕೊಟ್ಟ. ಮನೆಯಲ್ಲಿ ಮಿಕ್ಸಿಯೇ ಇಲ್ಲವಲ್ಲ ಎಂದಳು ಇವಳು.

"ಇದ್ರೇನು, ಇಲ್ದಿದ್ರೇನು? ಯಾರ್ಗೆ ಯಾವುದು ಬೇಕೋ ಅದನ್ನ ತೋರಿಸ್ಬೇಕು. ಪ್ರೆಸೆಂಟೇಷನ್ ಅಂದ್ರೆ ಅದೇ ಕಣೇ. ಬಾಯ್ಬಿಟ್ರೆ ನೀನೂ ಹೊರಗೆ, ನಿನ್ ತಂಗೀನೂ ಹೊರಗೆ."

ಮಾರನೆಯ ಬೆಳಿಗ್ಗೆ ಮಹಡಿಯ ಕೋಣೆಯಲ್ಲಿ ಪರದೆಯ ಮೇಲೆ ಮಿಕ್ಸಿ ಹೊಳೆಯಿತು. ತಪಾಸಣೆಯವರಲ್ಲಿ ಹಿರಿಯರಾದ, ದಪ್ಪ ಕನ್ನಡಕದ ಅಧಿಕಾರಿ ಮೂರ್ಬೆರಳಕ್ಕನ ಕಡೆ ತಿರುಗಿ, ನಡೆದದ್ದು ಹೇಗಮ್ಮಾ ಎಂದು ಕೇಳಿದರು. ಅವಳಿಗೆ ತಂಗಿಯ ಕೈಗಳು ನೆನಪಾದವು. ಹತ್ತೂ ಬೆರಳು ಇನ್ನೂ ನೆಟ್ಟಗಿದ್ದವು.

"ಯಾವ ಕಥೆ ಹೇಳ್ಲಿ ಮೇಡಂ? ಸಾಹೇಬ್ರ ಹತ್ರ ಮೂರಿದಾವೆ. ಹೊಸಬ್ರಿಗೆ ನಾನು ಬಾಯಿಬಡುಕಿ. ಕೊಳ್ಳೋರಿಗೆ ಇವ್ರ ಮನೆಮಗಳು. ನಿಮ್ಗೆ ಮಿಕ್ಸಿ. ಪುಣ್ಯಕ್ಕೆ ಎಲ್ಲದ್ರಲ್ಲೂ ಹೋಗಿರೋದು ಎರಡೇ ಬೆರಳು."

ಸಾಹೇಬ ನಗಲು ನೋಡಿದ. ಆವತ್ತಿನಿಂದ ಇವಳ ತಲೆ ಸ್ವಲ್ಪ ಕೆಟ್ಟಿದೆ ಎಂದ.

"ಇದು ನಾಲ್ಕನೇದು," ಎಂದು ಅವಳು ಎದ್ದು ಮೆಟ್ಟಿಲಿಳಿದಳು.

ಕೆಳಗೆ ತಂಗಿ ಬ್ಲೇಡಿನಡಿ ಚರ್ಮ ತಳ್ಳುತ್ತಿದ್ದಳು. ಮೂರ್ಬೆರಳಕ್ಕ ಸ್ವಿಚ್ಚು ಆರಿಸಿದಳು. "ಯಾವ ರಂಡೆನೇ ನಿಲ್ಸಿದ್ದು?" ಎಂದು ಮೇಸ್ತ್ರಿ ಆ ಕಡೆಯಿಂದ ಕಿರುಚಿದ. ಕೆಲಸ ಹೋಗುತ್ತೆ ಅಕ್ಕಾ ಎಂದು ತಂಗಿ ಪಿಸುಗುಟ್ಟಿದಳು.

"ಹೋಗ್ಲಿ. ನೀನು ಮೊದ್ಲು ಕೈ ತೆಗಿ."

ಪಕ್ಕದ ಯಂತ್ರವೂ ನಿಂತಿತು. ಆಮೇಲೆ ಅದರಾಚೆಯದು, ಆಮೇಲೆ ಇಡೀ ಸಾಲು. ಮೇಸ್ತ್ರಿಯ ಬೈಗುಳ ಒಂದೇ ಉಳಿಯಿತು. ಅದೂ ತಾನೊಂದೇ ಕೇಳಿಸತೊಡಗಿದಾಗ ನಾಚಿ ನಿಂತಿತು. ಮೆಟ್ಟಿಲ ಮೇಲೆ ದಪ್ಪ ಕನ್ನಡಕದವರು ಕಾಣಿಸಿಕೊಂಡರು. ಅವರ ಮುಂದೆ ಮುಂದೆ ಸಾಹೇಬ, ಊಟದ ಹೊತ್ತು ಮೇಡಂ, ಅದಕ್ಕೇ ಎಲ್ಲಾ ನಿಲ್ಲಿಸಿದ್ದಾರೆ ಎಂದು ವಿವರಿಸುತ್ತಾ ಇಳಿದು ಬರುತ್ತಿದ್ದ.

ಆಗ ಗಂಟೆ ಹತ್ತೂಕಾಲು. ಒಬ್ಬಳೂ ಊಟಕ್ಕೆ ಏಳಲಿಲ್ಲ. ಒಬ್ಬಳೂ ಸ್ವಿಚ್ಚು ಮುಟ್ಟಲಿಲ್ಲ.