ಮತ್ತೆ ಅದೇ ವೈರು

ಭಾನುವಾರ ಬೀದರಿನ ಆ ಅಂಗಡಿಯಲ್ಲಿ ಫ್ರಿಜ್ಜುಗಳ ಬಾಗಿಲು ತೆರೆದು ಮುಚ್ಚುವ ಸದ್ದೇ ಹೆಚ್ಚಾಗಿತ್ತು. ಗೋರಖನಾಥ ಒಂದೊಂದು ಬಾಗಿಲಿನ ರಬ್ಬರನ್ನೂ ಬೆರಳಿನಿಂದ ಎಳೆದು ನೋಡುತ್ತಿದ್ದ. ಬಸ್ ಡಿಪೋದ ಸ್ಟೋರಿಗೆ ಬರುವ ಬಿಡಿಭಾಗಗಳನ್ನು ಪರೀಕ್ಷಿಸುವುದು ಅವನ ಕೆಲಸ. ಹೊಸ ಪೆಟ್ಟಿಗೆಯೊಳಗೆ ಹಳೆಯ ಮಾಲು ಕಂಡವನಿಗೆ ಯಾವ ಹೊಸದರ ಮೇಲೂ ನಂಬಿಕೆ ಬೇಗ ಬರುವುದಿಲ್ಲ.

ಮಗಳು ವಿಶಾಖಾಳ ಮದುವೆ ಭಾಲ್ಕಿಯ ಅಶ್ವಜಿತನೊಂದಿಗೆ ಗೊತ್ತಾಗಿತ್ತು. ಗಂಡಿನ ಕಡೆಯವರು ಏನನ್ನೂ ಕೇಳಿರಲಿಲ್ಲ. ಮಗಳಿಗೆ ಕೊಡುವುದು ನಿಮ್ಮ ಖುಷಿ ಎಂದಿದ್ದರು. ಆ ಖುಷಿಯ ಲೆಕ್ಕದಲ್ಲಿ ಒಂದು ಫ್ರಿಜ್ಜು, ಒಂದು ಮಿಕ್ಸರು ಬಂದಿದ್ದವು. ಆರಿಸಲು ಹೆಂಡತಿ ಜಿಜಾಬಾಯಿ, ವಿಶಾಖಾ ಜೊತೆಗಿದ್ದರು. ಗೋರಖನಾಥನ ಅಕ್ಕ ಆಮ್ರಪಾಲಿ ಔರಾದಿನಿಂದ ಮುಂಜಾನೆಯ ಬಸ್ಸಿಗೆ ಬಂದಿದ್ದಳು. ಅವಳು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತು ಕೈಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಚೀಲ ಭಾರವಿದ್ದಂತಿತ್ತು. ಇಲ್ಲಿ ಕೊಡು ಎಂದು ವಿಶಾಖಾ ಕೇಳಿದರೂ ಕೊಟ್ಟಿರಲಿಲ್ಲ.

ಎರಡೂ ಸಾಮಾನು ಆರಿಸಿದ ಮೇಲೆ ಅಂಗಡಿಯ ಜುಲ್ಫೀಕಾರ ನಗುನಗುತ್ತ ಹತ್ತಿರ ಬಂದ.

"ಕಾಕಾ, ಇನ್ನೊಂದು ಮಾತದ ರಿ. ಕಂಪನಿ ವಾರಂಟಿ ಮುಗಿದ ಮ್ಯಾಲ ಇನ್ನ ಮೂರು ವರ್ಷ ಎಕ್ಸ್‌ಟೆಂಡೆಡ್ ವಾರಂಟಿ ಮಾಡಿಕೊಡ್ತೇವಿ. ಥೋಡೆ ರೊಕ್ಕ ಕೊಟ್ಟು ಬೇಫಿಕರ್ ಇರ್ರಿ, ಏನೂ ಚಿಂತಿ ಬ್ಯಾಡ."

"ಈ ಮಿಕ್ಸರ್ ಹತ್ತು ವರ್ಷ ಅಲಗಾಡಂಗಿಲ್ಲ ಅಂತ ಈಗಷ್ಟ ನೀನೇ ಹೇಳ್ದಿ."

"ಹೌದ್ರಿ."

"ಮತ್ತ ಕೆಟ್ರ ಅಂತ ರೊಕ್ಕ ಯಾಕ ಕೇಳ್ತಿ?"

"ಹೆಲ್ಮೆಟ್ ಹಾಕೋರು ಬೀಳ್ಬೇಕಂತ ಹಾಕ್ತಾರೇನ್ರಿ ಕಾಕಾ?"

"ಹೆಲ್ಮೆಟ್ ಮಾರಾಂವ ಗಾಡಿ ಮಾರಂಗಿಲ್ಲಪಾ. ನೀ ಎರಡೂ ಮಾರ್ಲಿಕತ್ತಿ," ಎಂದ ಗೋರಖನಾಥ. "ಕರೆಂಟ್ ಹೆಚ್ಚುಕಮ್ಮಿ ಆಗಿ ಮೋಟಾರ್ ಸುಟ್ರ?"

"ಅದು ಬರಂಗಿಲ್ರಿ."

"ಜಾರ್ ಒಡದ್ರ?"

"ಅದೂ ಬರಂಗಿಲ್ರಿ."

"ಹಂಗಾದ್ರ ಬರೂದರ ಏನು?"

"ಮೆಕ್ಯಾನಿಕ್ ಬರ್ತಾನ್ರಿ. ಸೀದಾ ಭಾಲ್ಕಿಗಿ, ಅವರ ಮನಿಗೇ."

ಜಿಜಾಬಾಯಿ ತಲೆ ಎತ್ತಿದಳು. "ಹಂಗಿದ್ರ ತೊಗೊಳ್ರಿ," ಎಂದಳು. ಗೋರಖನಾಥ ಹುಬ್ಬು ಗಂಟಿಕ್ಕಿದ. ಚಹಾ ಕುಡಿದು ಬರುತ್ತೇವೆಂದು ಜುಲ್ಫೀಕಾರನಿಗೆ ಹೇಳಿ ಎಲ್ಲರನ್ನೂ ಪಕ್ಕದ ಹೋಟೆಲಿಗೆ ಕರೆದೊಯ್ದ.

"ಭಾಲ್ಕಿ ಬೀಗರು ಫೋನಿನ್ಯಾಗ ಏನಂದಾರ ನೆನಪದ ಇಲ್ಲ?" ಕೂತ ಕೂಡಲೇ ಜಿಜಾಬಾಯಿ ಕೇಳಿದಳು. "ವಾರಂಟಿ ಉದ್ದ ಇದ್ದದ್ದು ನೋಡ್ರಿ, ಮುಂದ ತಕರಾರ ಬ್ಯಾಡ ಅಂದ್ರು. ಯಾರ ತಕರಾರ? ಎಂಥಾ ತಕರಾರ? ನನಗ ಆ ಮಾತು ಕೇಳ್ದಾಗಿಂದ ಸಮಾಧಾನಿಲ್ಲ. ಅಕ್ಕನ ಮಿಕ್ಸರ್ ಮರ್ತೀರೇನು?"

ಆ ಮಿಕ್ಸರನ್ನು ಆ ಮನೆಯಲ್ಲಿ ಯಾರೂ ಮರೆತಿರಲಿಲ್ಲ. ಆಮ್ರಪಾಲಿಯ ಮದುವೆಯಲ್ಲಿ ತವರಿನವರು ಕೊಟ್ಟದ್ದು ಅದು. ವರ್ಷಕ್ಕೆ ಎರಡು ಮೂರು ಸಲ ಕೆಡುತ್ತಿತ್ತು. ಕೆಟ್ಟಾಗಲೆಲ್ಲ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ, ಚೀಲದಲ್ಲಿಟ್ಟುಕೊಂಡು ಆಮ್ರಪಾಲಿ ಔರಾದಿನ ಬಸ್ಸಿನಿಂದ ಇಳಿಯುತ್ತಿದ್ದಳು. ತವರಿನವರು ಕೊಟ್ಟ ಮಾಲು, ಅವರೇ ಮಾಡಿಸಿಕೊಡಲಿ ಎಂಬುದು ಅವಳ ಅತ್ತೆಯ ಮಾತು. ಗೋರಖನಾಥ ಅದನ್ನು ಅಬ್ದುಲ ವಾಹೀದನ ರಿಪೇರಿ ಅಂಗಡಿಗೆ ಒಯ್ಯುತ್ತಿದ್ದ. ಅವನು ಬುಡ ಬಿಚ್ಚಿ ನೋಡಿ, "ವೈರ್ ಬಿಟ್ಟದ," ಎನ್ನುತ್ತಿದ್ದ. ಮುಂದಿನ ಸಲವೂ ಅದೇ ವೈರು. ಮತ್ತೆ ಗಿರಾಕಿ ಬರಲೆಂದು ವಾಹೀದನೇ ವೈರನ್ನು ಸಡಿಲ ಬಿಡುತ್ತಾನೆಂದು ಗೋರಖನಾಥನಿಗೆ ಅನುಮಾನ ಬಂದು, ಜಗಳವಾಡಿ ಅಂಗಡಿ ಬದಲಿಸಿದ್ದ. ಬೇರೆ ಅಂಗಡಿಯಲ್ಲೂ ಅದೇ ವೈರು ಬಿಟ್ಟಾಗ ಕಂಪನಿಯನ್ನು ಬೈದ. ಕಡೆಗೆ ಔರಾದಿನವರನ್ನೇ ಬೈದ. ಇಷ್ಟು ಸಣ್ಣ ಕೆಲಸಕ್ಕೂ ಸೊಸೆಯ ಕೈಯಲ್ಲಿ ಚೀಲ ಹೊರಿಸುವವರು ಎಂಥ ಜನ!

ಆಗ ಚಿಕ್ಕವಳಾಗಿದ್ದ ವಿಶಾಖಾಳಿಗೆ ಇನ್ನೊಂದು ನೆನಪಿತ್ತು. ಅಪ್ಪ ರಿಪೇರಿ ಮುಗಿಸಿಕೊಂಡು ಬಾಗಿಲಿಗೆ ಬಂದ ಕೂಡಲೇ ಸೋದರತ್ತೆ ಎದ್ದು ನಿಲ್ಲುತ್ತಿದ್ದಳು. "ಇಷ್ಟ ಲಗೂ ಆಯ್ತೇನು?" ಎನ್ನುತ್ತಿದ್ದಳು. ರಿಪೇರಿಯವನನ್ನು ಹೊಗಳುತ್ತಿದ್ದಾಳೆಂದೇ ಎಲ್ಲರೂ ತಿಳಿದಿದ್ದರು.

"ಮಮ್ಮಿ, ನೀ ಮಿಕ್ಸರಿಗಿ ವಾರಂಟಿ ಕೇಳ್ಲಿಕತ್ತಿಲ್ಲ," ಎಂದಳು ವಿಶಾಖಾ. "ಭಾಲ್ಕಿಯವರ ಬಾಯಿಗಿ ಕೇಳ್ಲಿಕತ್ತಿ."

"ಹೌದು, ಹಂಗೇ ತಿಳ್ಕೊ. ಮೆಕ್ಯಾನಿಕ್ ಅಲ್ಲೇ ಬಂದ್ರ ನೀ ಚೀಲ ಹೊತ್ತು ಇಲ್ಲಿಗಿ ಬರೂದು ತಪ್ತದ."

ಆಮ್ರಪಾಲಿ ಚಹಾದ ಕಪ್ಪನ್ನು ಕೆಳಗಿಟ್ಟಳು.

"ಚೀಲ ತಪ್ತದ ಜಿಜಾ, ಖರೆ. ಬರೂದೂ ತಪ್ತದ."

ಎಲ್ಲರೂ ಅವಳತ್ತ ನೋಡಿದರು.

"ಆ ವೈರ್ ತಾನಾಗೇ ಬಿಡ್ತಿದ್ದಿಲ್ಲ. ಬುಡದ ಸ್ಕ್ರೂ ಬಿಚ್ಚಿ ನಾನೇ ಎಳೀತಿದ್ದೆ."

"ಏನಂದಿ ಅಕ್ಕಾ?"

"ಸುಮ್ನ ತವರಿಗಿ ಹೋಗಿ ಬರ್ತೇನಿ ಅಂದ್ರ, ಯಾಕ, ಏನ್ ಕೆಲಸದ ಅಲ್ಲಿ ಅಂತಿದ್ರು. ಅವ್ವನ ನೆನಪಾಗೇದ ಅಂದ್ರ ಅದು ಕೆಲಸ ಅಲ್ಲ. ಮಿಕ್ಸರ್ ಕೆಟ್ಟದ ಅಂದ್ರ ಮಾತ್ರ, ಹೋಗು, ಮಾಡಿಸ್ಕೊಂಡು ಸಂಜಿಕಿ ಬಾ ಅಂತಿದ್ರು. ಆವಾಗ ಮೆಕ್ಯಾನಿಕ್ ಔರಾದಿಗೇ ಬಂದಿದ್ರ ನಾ ಏನ್ ಹೇಳಿ ಬರ್ತಿದ್ದೆ?"

ಗೋರಖನಾಥ ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿದ. "ನನಗರ ಹೇಳ್ಬೇಕಿಲ್ಲೇನು?" ಎಂದ.

"ನೀ ನಿಂತು ಕೇಳ್ತಿದ್ದಿ ಏನು ಗೋರಖಾ? ನಾ ಒಳಗ ಬರೂದ್ರಾಗ ಚೀಲ ಕಸ್ಕೊಂಡು ರಿಪೇರಿಗಿ ಓಡ್ತಿದ್ದಿ. ವಾಪಸ್ ಬರೋವಾಗ ಔರಾದ್ ಬಸ್ಸಿನ ಟೈಮ್ ಕೇಳ್ಕೊಂಡೇ ಬರ್ತಿದ್ದಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವನಿಗೆ ಹೆಚ್ಚು ನಾಟಿತು.

"ಈಗರ ಹೆಣ್ಮಕ್ಕಳಿಗಿ ಬಸ್ ಟಿಕೆಟ್ ಸುದ್ದಾ ಇಲ್ಲಲ್ಲ ಅತ್ತಿ," ಎಂದಳು ವಿಶಾಖಾ ಮೆಲ್ಲಗೆ.

"ಟಿಕೆಟ್ ಬೇಕಾಗಂಗಿಲ್ಲವ್ವ. ಕಾರಣ ಬೇಕಾಗ್ತದ."

ಆಮ್ರಪಾಲಿ ಚೀಲದ ಬಾಯಿ ತೆರೆದು ತೋರಿಸಿದಳು. ಒಳಗೆ ಸೀರೆಯ ತುಂಡಿನಲ್ಲಿ ಸುತ್ತಿದ ಮಿಕ್ಸರಿನ ಜಾರು ಇತ್ತು. "ಮದವಿ ಸಾಮಾನಂತ ಬಂದದ್ದು ಖರೆ. ಅಷ್ಟಕ್ಕ ಬಿಡ್ತಾರೋ ಇಲ್ಲೋ ಅಂತ ಇದನ್ನೂ ತಂದೆ. ಬ್ಲೇಡ್ ಸಡ್ಲಾಗೇದ ಅಂತ ಹೇಳೀನಿ."

ಜಿಜಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ವಿಶಾಖಾ ಫೋನು ತೆಗೆದು ಅಶ್ವಜಿತನಿಗೆ ಕರೆ ಮಾಡಿದಳು. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು.

"ಒಂದು ಮಾತು ಕೇಳ್ತೇನ್ರಿ. ಮಿಕ್ಸರ್ ಕೆಟ್ರ ಯಾರು ಮಾಡಿಸ್ಬೇಕು?"

"ಕೆಟ್ಟದ್ದೇ ನೋಡಿ ತೊಗೊಂಡೀರೇನು?"

"ಚಾಷ್ಟಿ ಬ್ಯಾಡ. ಹೇಳ್ರಿ."

"ನಾವೇ ಮಾಡಿಸ್ಬೇಕು, ಇನ್ಯಾರು? ಅಪ್ಪ ವಾರಂಟಿ ಬಗ್ಗೆ ಏನರ ಅಂದ್ರೇನು? ನಮ್ಮ ಹಳೀ ಫ್ರಿಜ್ ಸಲುವಾಗಿ ತಿರುಗಿ ತಿರುಗಿ ಅವರಿಗಿ ಸಾಕಾಗೇದ."

"ಮತ್ತ ನಾ ಬೀದರಿಗಿ ಬರ್ಬೇಕಂದ್ರ ಮನ್ಯಾಗ ಏನರ ಕೆಟ್ಟಿರಬೇಕೇನು?"

"ಹಿಂಗ್ಯಾಕ ಕೇಳ್ತಿ?" ಎಂದ ಅಶ್ವಜಿತ. ಅವಳು ಫೋನನ್ನು ಹತ್ತಿರ ಎಳೆದುಕೊಂಡು ಕಾದಳು. "ಇಲ್ಲ. ಏನೂ ಕೆಟ್ಟಿರಬೇಕಾಗಿಲ್ಲ. ನಿನ್ನ ಮನಿ ಅದು, ನೀ ಹೋಗು."

ವಿಶಾಖಾ ಆ ಮಾತನ್ನು ಪೂರ್ತಿ ನಂಬಿದಳೆಂದು ಹೇಳಲಾಗದು. ಮದುವೆಗೆ ಮುಂಚಿನ ಮಾತು ಮದುವೆಯ ನಂತರ ಎಷ್ಟು ಉಳಿಯುತ್ತದೋ ಯಾರಿಗೆ ಗೊತ್ತು? ಆದರೆ ನಾಲ್ಕು ಜನರೆದುರು ಕೇಳಿದ್ದಳು, ಅವನು ಹೇಳಿದ್ದ. ಬೇಕಾದಾಗ ನೆನಪಿಸಬಹುದಿತ್ತು.

ಅವರು ಮರಳಿ ಬಂದಾಗ ಜುಲ್ಫೀಕಾರ ಬಿಲ್ಲು ಸಿದ್ಧಮಾಡುತ್ತಿದ್ದ. "ವಾರಂಟಿ ಹಾಕ್ಲೇನ್ರಿ ಕಾಕಾ?"

"ಬ್ಯಾಡಪಾ. ಕಂಪನಿದು ಎಷ್ಟದ ಅಷ್ಟೇ ಸಾಕು."

"ನಿಮ್ಮ ಮಗಳಿಗೇ ತೊಂದ್ರಿ ಆಗ್ತದ್ರಿ."

"ಆಕಿಗ್ಯಾಕ? ಅದು ಭಾಲ್ಕಿಯವರ ಮನಿ ಮಿಕ್ಸರ್. ಕೆಟ್ರ ಎಲ್ಲಾರೂ ಕೂಡಿ ಮಾಡಿಸ್ಕೋತಾರ."

ಆಮ್ರಪಾಲಿ ಗೋಡೆಯ ಗಡಿಯಾರ ನೋಡಿದಳು. ಅದನ್ನು ಕಂಡ ಗೋರಖನಾಥ ಜೇಬಿನಿಂದ ಫೋನು ತೆಗೆದ. ಅಕ್ಕನ ಗಂಡನ ಎದುರು ಅವನು ಎಂದೂ ದನಿ ಎತ್ತಿದವನಲ್ಲ. ಈಗಲೂ ಎತ್ತಲಿಲ್ಲ.

"ಭಾವಾ, ಅಕ್ಕ ಇವತ್ತ ಬರಂಗಿಲ್ರಿ. ಒಂದು ವಾರ ಇಲ್ಲೇ ಇರ್ತಾಳ."

"ಯಾಕ? ಜಾರ್ ಆಗಿಲ್ಲೇನು?"

ಮದುವೆಯ ಕೆಲಸ ಬಹಳ ಇದೆ ಎಂಬ ಮಾತು ಗೋರಖನಾಥನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಎಲ್ಲ ಸುಲಭವಾಗುತ್ತಿತ್ತು. ಅವನು ಅದನ್ನು ನುಂಗಿಕೊಂಡ.

"ಜಾರ್ ಚಲೋ ಅದ್ರಿ. ಏನೂ ಕೆಟ್ಟಿಲ್ಲ. ಸುಮ್ನ ಇರ್ತಾಳ, ತಮ್ಮನ ಮನ್ಯಾಗ."

ಗೋರಖನಾಥ ಫೋನನ್ನು ಕಿವಿಗೆ ಒತ್ತಿಕೊಂಡ. ಆ ಕಡೆಯಿಂದ, "ಇರ್ಲಿ ಬಿಡು," ಎಂಬ ದನಿ ಕೇಳಿತು.

ಆಮ್ರಪಾಲಿ ಮುಂಜಾನೆಯಿಂದ ಯಾರಿಗೂ ಕೊಡದ ಚೀಲವನ್ನು ವಿಶಾಖಾಳ ಕೈಗೆ ಕೊಟ್ಟಳು.